ಎರಡು ರಿಂಗಿನ ನಾಯಿ

ನನ್ನ ಗಂಡ ಪರಮೇಶನ ಮೊಬೈಲಿನಲ್ಲಿ ನಾನು ನಾಯಿ. ಅವನು ಎಂದೇ ಬರೆಯುತ್ತೇನೆ. ಅವರು ಎನ್ನುವ ಮರ್ಯಾದೆ ಆ ಬುಧವಾರಕ್ಕೇ ಮುಗಿಯಿತು.

ದಿನಾ ಮಧ್ಯಾಹ್ನ ಅಂಗಡಿಗೆ ಬುತ್ತಿ ಕಳಿಸಿದ ಮೇಲೆ ನಾನು ಎರಡು ರಿಂಗು ಕೊಟ್ಟು ಕಟ್ ಮಾಡಬೇಕು. ಅವನು ಎತ್ತಬಾರದು. ಇದು ನಮ್ಮ ಮನೆಯ ಪದ್ಧತಿ. ಆ ದಿನ ಬುತ್ತಿ ಒಯ್ಯುವವನು ಬರಲಿಲ್ಲ. ನಾನೇ ಕೇಶ್ವಾಪುರದ ಅವನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಹೊರಗೆ ನಿಂತು ರಿಂಗು ಕೊಟ್ಟೆ. ಒಳಗೆ ಅವನ ಫೋನಿನಲ್ಲಿ ನಾಯಿ ಬೊಗಳಿತು.

"ನಮ್ಮ ಮನಿದು ಕರ್‍ಯಾಕತ್ತೈತಿ ನೋಡ್ರಿ," ಎಂದ ಅವನು. ಗಿರಾಕಿಗಳು ಬಿದ್ದು ಬಿದ್ದು ನಕ್ಕರು.

ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು ತಿರುಗಿ ಬಂದೆ. ಅಳಲಿಲ್ಲ, ಅಳುವುದಕ್ಕೆ ಪುರುಸೊತ್ತು ಆಮೇಲೆ ಇದ್ದೇ ಇತ್ತು.

ಅವನದು 2008ರ ಹೊಸ ಫೋನು. ಮನೆಗೆ ತಂದ ದಿನ ಅವ್ವನ ಮುಂದೆ ಕೊಚ್ಚಿಕೊಂಡಿದ್ದ: "ಅವ್ವಾ, ನಾ ಎಲ್ಲಿ ಅದೇನಿ ಅಂತ ಮ್ಯಾಲಿನ ಉಪಗ್ರಹ ಇದಕ್ಕ ಹೇಳತೈತಿ." ನನ್ನ ಅತ್ತೆ ಶರಣವ್ವ ಫೋನಿಗೆ ಕುಂಕುಮ ಹಚ್ಚಿದ್ದರು. ಮಗ ಶನಿವಾರ ಉಪವಾಸ ಮಾಡುತ್ತಾನೆ, ಧಾರವಾಡಕ್ಕೆ ಹಣಮಪ್ಪನ ಗುಡಿಗೆ ಹೋಗುತ್ತಾನೆ ಎಂದು ಅವರಿಗೆ ಎಲ್ಲಿಲ್ಲದ ಹೆಮ್ಮೆ. "ನನ್ನ ಮಗಾ ನೀರೂ ಮುಟ್ಟಂಗಿಲ್ಲ. ನೀ ನೋಡಿದರ ರೊಟ್ಟಿ ಮ್ಯಾಲ ರೊಟ್ಟಿ," ಎಂಬ ಮಾತನ್ನು ನಾಲ್ಕು ವರ್ಷ ಕೇಳಿದ್ದೆ.

ಶುಕ್ರವಾರ ಅವನು ಸ್ನಾನಕ್ಕೆ ಹೋದಾಗ ಫೋನು ತೆರೆದೆ. ನಕಾಶೆಯಲ್ಲಿ ಅವನು ಗುರುತು ಹಾಕಿಟ್ಟ ಜಾಗಗಳು ಮೂರು: ಮನೆ, ಅಂಗಡಿ, ಶನಿವಾರ. ಶನಿವಾರ ಧಾರವಾಡದಲ್ಲಿರಲಿಲ್ಲ. ಉಣಕಲ್ ಕೆರೆಯ ಹಿಂದಿನ ಒಂದು ಓಣಿಯಲ್ಲಿತ್ತು.

ಮರುದಿನ ಮಧ್ಯಾಹ್ನ ಅತ್ತೆಗೆ ಹೇಳಿದೆ: "ಅತ್ತಿಯವರ, ಇವತ್ತ ಅವರು ಉಣಕಲ್‌ದಾಗ ಪೂಜಿಗೆ ಕುಂತಾರಂತ. ಹಣ್ಣು ಕೊಟ್ಟು ಬರೂಣು ಬರ್ರಿ."

ಅತ್ತೆ ಬಾಳೆಹಣ್ಣು ಹಿಡಿದು ಬಸ್ಸು ಹತ್ತಿದರು.

ಓಣಿ ಸಿಕ್ಕಿತು. ಆದರೆ ಹನ್ನೊಂದು ಮನೆ, ಎಲ್ಲದರ ಬಾಗಿಲೂ ಮುಚ್ಚಿತ್ತು. ಉಪಗ್ರಹಕ್ಕೆ ಓಣಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ನಾನು ನನ್ನ ಫೋನು ತೆಗೆದು ಅವನಿಗೆ ಹಚ್ಚಿದೆ.

ಮೂರನೆಯ ಮನೆಯಲ್ಲಿ ನಾಯಿ ಬೊಗಳಿತು. ಅತ್ತೆಯ ಕೈ ಹಿಡಿದು ಅದರ ಕಿಟಕಿಯ ಹತ್ತಿರ ಹೋದೆ. ಎರಡು ರಿಂಗಾಯಿತು. ಕಟ್ ಮಾಡಲಿಲ್ಲ.

"ಹೇಂತಿ ಫೋನಲೇ, ಎತ್ತು," ಎಂದಿತು ಒಳಗೆ ಒಂದು ದನಿ.

"ಬೊಗಳ್ಲಿ ಬಿಡ್ಲೇ. ಎರಡ ಸಲ ಬೊಗಳಿ ತಾನ ಸುಮ್ಮಾಗತೈತಿ ಅದು. ನೀ ಎಲಿ ಹಾಕು." ಇದು ಪರಮೇಶನ ದನಿ. ಎಲ್ಲರೂ ನಕ್ಕರು.

ಅತ್ತೆ ನನ್ನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಫೋನು ನೋಡಿದರು. ಆಮೇಲೆ ಬಾಗಿಲು ನೂಕಿದರು.

ನಾಲ್ಕು ಜನ ಚಾಪೆಯ ಮೇಲೆ ಕೂತಿದ್ದರು. ಪರಮೇಶನ ಎಡಗೈಯಲ್ಲಿ ಇಸ್ಪೀಟು, ಬಲಗೈಯಲ್ಲಿ ಕುರಿಯ ಎಲುಬು.

"ನೀರೂ ಮುಟ್ಟಂಗಿಲ್ಲಲ್ಲೋ ನೀ," ಎಂದರು ಅತ್ತೆ, ಮೆಲ್ಲಗೆ.

ಅವನು ನನ್ನ ಕಡೆ ತಿರುಗಿದ. "ಇಲ್ಲೀತನಕ ಹೆಂಗ ಬಂದಿ?"

"ವಾಸನಿ ಹಿಡಕೊಂಡು ಬಂದೆ. ನಾ ನಾಯಿ ಅಲ್ಲೇನ್ರಿ?"

ಅತ್ತೆ ಬಾಳೆಹಣ್ಣನ್ನು ನನ್ನ ಉಡಿಯಲ್ಲಿ ಹಾಕಿ, "ನೀ ತಿನ್ನು, ಗೀತಾ," ಎಂದರು. ನಾನು ಅಲ್ಲೇ ನಿಂತು ಒಂದು ಸುಲಿದೆ. ರಿಂಗು ತಾನಾಗಿಯೇ ನಿಂತಿತ್ತು, ಮತ್ತೆ ಹಚ್ಚಿದೆ. ತಾಟಿನ ಪಕ್ಕದಲ್ಲಿ ಫೋನು ಬೊಗಳತೊಡಗಿತು. ಈ ಸಲ ಯಾರೂ ನಗಲಿಲ್ಲ.