ಬರೆದವರ ಹೆಸರು

ಹೊಲಿಗೆ ಯಂತ್ರದ ಅಂಗಡಿಗೆ ಹೊಸ ವೆಬ್‌ಸೈಟ್ ಬೇಕೇ ಬೇಕು ಅಂತ ಹಟ ಹಿಡಿದವಳು ಯಜಮಾನನ ತಂಗಿ. ಹಳೆಯದರಲ್ಲಿ ಒಂದು ಫೋನ್ ನಂಬರ್ ಬದಲಿಸೋಕೂ ಅದನ್ನು ಮಾಡಿಕೊಟ್ಟವನ ಕೈಕಾಲು ಹಿಡಿಯಬೇಕಿತ್ತು. "ಇದರಲ್ಲಿ ನಾವೇ ಬರೆದು ನಾವೇ ಹಾಕಬಹುದು ಅಣ್ಣ," ಅಂದಳು.

"ಬರೆದರೆ ಯಂತ್ರ ಓಡುತ್ತಾ? ಮಾಡೋ ಕೆಲಸ ಬಿಟ್ಟು!" ಅಂತ ಅವನು ಸಿಡುಕಿದ. ಸಿಡುಕದಿದ್ದರೆ ಅವನ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ ಬಿಡಿ.

ಅವಳೇನು ಕಮ್ಮಿಯೇ? ದಾರ ಯಾಕೆ ಸಿಕ್ಕಾಗುತ್ತೆ, ಎಣ್ಣೆ ಎಲ್ಲಿ ಬಿಡಬೇಕು, ಎಲ್ಲವನ್ನೂ ಕೌಂಟರ್ ಹಿಂದೆ ಕೂತು ಬರೆದು ಹಾಕಿದಳು. ಕೆಳಗೆ ತನ್ನ ಹೆಸರು. "ಒಂದ್ಸಲ ಓದಿ ಹೇಳಣ್ಣ," ಅಂದಾಗಲೆಲ್ಲ ಅವನದು ಒಂದೇ ಉತ್ತರ: "ಆಮೇಲೆ ನೋಡೋಣ." ಅಷ್ಟರಲ್ಲಿ ಕಾಯಿಲೆ ಬಂತು, ಅವಳು ಹೋಗಿಯೇಬಿಟ್ಟಳು.

ವೆಬ್‌ಸೈಟ್ ನೋಡಿಕೊಳ್ಳೋದು ಅವನ ತಲೆಗೆ ಬಿತ್ತು. ಒಂದು ದಿನ ಬೆಳಿಗ್ಗೆ ಅದು, ಬಹಳ ದಿನದಿಂದ ಬಳಸದ ಖಾತೆ ತೆಗೆದುಹಾಕಿ ಅಂದಿತು. ಹಾಗೆ ಬಳಸದೆ ಬಿದ್ದಿದ್ದದ್ದು ತಂಗಿಯ ಖಾತೆ ಒಂದೇ. ಒತ್ತಿದ. ಅವರ ಬರಹಗಳನ್ನು ಅಳಿಸಬೇಕೋ, ಬೇರೆಯವರಿಗೆ ಕೊಡಬೇಕೋ ಅಂತ ಕೇಳಿತು. ಅಳಿಸೋದಾ, ಛೆ! ಪುಣ್ಯಕ್ಕೆ ಕೇಳಿತಲ್ಲ ಅಂದುಕೊಂಡು ತನ್ನ ಖಾತೆಗೆ ಹಾಕಿಕೊಂಡ.

ಮಾರನೇ ವಾರ ಒಬ್ಬ ದರ್ಜಿ ಬಂದ. "ಯಜಮಾನ್ರೇ, ನಿಮ್ಮ ಬಾಯಿ ಹಾಗಿದ್ರೂ ಬರವಣಿಗೆ ಎಷ್ಟು ಮೃದು! ಸೂಜಿ ಮುರಿದರೆ ಯಂತ್ರಕ್ಕೆ ಬೈಬೇಡಿ, ಬಟ್ಟೆ ಎಳೆಯೋ ಕೈಗೆ ಸ್ವಲ್ಪ ಸಮಾಧಾನ ಹೇಳಿ ಅಂತ ಬರೆದಿದ್ದೀರಲ್ಲ, ಓದಿ ನಕ್ಕುಬಿಟ್ಟೆ."

ಯಜಮಾನ ತಕ್ಷಣ ವೆಬ್‌ಸೈಟ್ ತೆಗೆದು ನೋಡಿದ. ಪ್ರತಿ ಪುಟದ ಕೆಳಗೂ ಅವನದೇ ಹೆಸರು. ಅವಳು ಬದುಕಿದ್ದಾಗ ಒಂದು ಸಾಲೂ ಓದದವನು ಈಗ ಅಷ್ಟನ್ನೂ ಬರೆದವನಾಗಿಬಿಟ್ಟಿದ್ದ. ಮೊದಲ ಪುಟದಿಂದ ಓದಲು ಕೂತ. ದರ್ಜಿ ಕರೆದ, ಗಿರಾಕಿಗಳು ಬಂದರು, ಅವನು ತಲೆ ಎತ್ತಲಿಲ್ಲ.

ಓದಿ ಮುಗಿದ ಮೇಲೆ ಅವಳ ಹೆಸರಲ್ಲಿ ಮತ್ತೆ ಖಾತೆ ತೆರೆಯಲು ಹೋದ. ಇಮೇಲ್ ಕೇಳಿತು. ಬೇರೆ ಯಾವುದೋ ಕೊಡಲು ಮನಸ್ಸಾಗದೆ ಅವಳದನ್ನೇ ಕೊಟ್ಟ. ಅದರ ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿತ್ತು.

"ಆಹ್ವಾನ ಕಳಿಸಲಾಗಿದೆ. ಅವರು ಒಪ್ಪಿದ ಮೇಲೆ ಹೆಸರು ಕಾಣಿಸುತ್ತದೆ," ಅಂತ ಪರದೆಯ ಮೇಲೆ ಬಂತು.

"ಒಪ್ಪಿಕೊಳ್ಳೇ," ಅಂದ ಯಜಮಾನ. "ಓದಿದೆ ಕಣೇ, ಎಲ್ಲಾ ಓದಿದೆ." ಅಂಗಡಿ ತುಂಬ ಜನ ಇದ್ದರು. ಅವರೆದುರಿಗೇ ಗೊಳೋ ಅಂತ ಅತ್ತುಬಿಟ್ಟ.