ಬಾಯ್ಲರ್ ಸಿಡಿದ ಮೇಲೆ

ಲಾಂಡ್ರಿಯ ಬಾಯ್ಲರ್ ಸಿಡಿದು ತಿಂಗಳುಗಳೇ ಕಳೆದಿದ್ದವು. ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಸೊಸೆಯ ಕೈಮೇಲಿನ ಸುಟ್ಟ ಗಾಯವೂ ಮಾಸಿತ್ತು. ಆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಸಾಕು, ಅವಳು ಕೈಲಿದ್ದದ್ದನ್ನು ಬಿಸಾಕಿ ಬೀದಿಗೆ ಓಡುತ್ತಿದ್ದಳು. ಲಾಂಡ್ರಿಯ ರಸ್ತೆಗೆ ಕಾಲಿಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಹಬೆ, ಅದೇ ಕಿರುಚಾಟ.

"ಆಗಿದ್ದು ಆಗೋಯ್ತು, ಮರೆತುಬಿಡು. ನಾವೇನು ಕಷ್ಟ ನೋಡಿಲ್ವಾ?" ಎಂದರು ಅತ್ತೆ.

"ನಾನೇನು ಬೇಕು ಅಂತ ನೆನಪು ಮಾಡ್ಕೊಳ್ತೀನಾ ಅತ್ತೆ? ಅದೇ ಬಂದು ಮೇಲೆ ಬೀಳುತ್ತೆ. ಕೈ ಸುಟ್ಟಾಗ ಆಸ್ಪತ್ರೆಗೆ ಕರ್ಕೊಂಡು ಓಡಿದ್ರಿ. ಈಗ ಸುಮ್ನಿರು ಅಂತೀರಿ. ನಾನು ಸುಮ್ನಿರಲ್ಲ!"

"ಜನ ಹುಚ್ಚಿ ಅಂತಾರೆ ಕಣೇ."

"ಅನ್ಲಿ. ಅನ್ನೋರು ಬಂದು ನನ್ನ ನಿದ್ದೆ ಮಾಡ್ತಾರಾ?"

ಹಿಂದೆ ಗಾಯಕ್ಕೆ ಪಟ್ಟಿ ಕಟ್ಟಿದ್ದ ನರ್ಸ್ ಬಳಿಗೆ ಅವಳು ಹೊರಟಳು. ಗೊಣಗುತ್ತಲೇ ಅತ್ತೆಯೂ ಜೊತೆಗೆ ನಡೆದರು.

ನರ್ಸ್ ಎಲ್ಲ ಕೇಳಿಸಿಕೊಂಡು ಅತ್ತೆಯ ಕಡೆ ತಿರುಗಿದರು. "ಇದು ಹುಚ್ಚೂ ಅಲ್ಲ, ಪುಕ್ಕಲುತನಾನೂ ಅಲ್ಲಮ್ಮ. ಜೀವಕ್ಕೆ ಕುತ್ತು ಬಂದಾಗ ಮನಸ್ಸು ಕಾವಲಿಗೆ ನಿಲ್ಲುತ್ತೆ. ಕೆಲವರಿಗೆ ಅಪಾಯ ಹೋದ್ಮೇಲೂ ಆ ಕಾವಲು ಇಳಿಯಲ್ಲ. ತಿಂಗಳು ದಾಟಿದ್ರೂ ಹೀಗೇ ಇದ್ರೆ ಅದು ಪಿಟಿಎಸ್‌ಡಿ ಅನ್ನೋ ಕಾಯಿಲೆ ಇರಬಹುದು. ಮನೋವೈದ್ಯರು ನೋಡಿ ಹೇಳ್ತಾರೆ. ಪೈಲ್ವಾನನಿಗೂ ಬರುತ್ತೆ."

"ಮಾತ್ರೆ ಕೊಟ್ಟು ಮಲಗಿಸಿಬಿಡ್ತೀರಾ?" ಎಂದರು ಅತ್ತೆ.

"ಇಲ್ಲಮ್ಮ. ಕೆಲವರಿಗೆ ಮಾತ್ರೇನೂ ಬೇಕಾಗುತ್ತೆ. ಆದ್ರೆ ಮುಖ್ಯವಾದ್ದು ಮಾತು. ತರಬೇತಿ ಆದವರ ಹತ್ರ ಆ ದಿನ ನಡೆದಿದ್ದನ್ನ ಸ್ವಲ್ಪ ಸ್ವಲ್ಪ ಹೇಳ್ಕೋಬೇಕು. ಹೆದರಿಸೋ ಜಾಗಕ್ಕೆ ಮೆಲ್ಲಗೆ ಹತ್ತಿರ ಹೋಗೋದನ್ನ ಕಲೀಬೇಕು."

"ಗಾಯ ಕೆದಕಿದ ಹಾಗಲ್ವಾ?"

"ಕೀವು ತೊಳೆದ ಹಾಗೆ. ಮೊದಲು ಉರಿಯುತ್ತೆ."

ಮನೋವೈದ್ಯರು ನೋಡಿ ಅದೇ ಕಾಯಿಲೆ ಎಂದರು, ಚಿಕಿತ್ಸೆ ಶುರುವಾಯಿತು. ನಿಜಕ್ಕೂ ಉರಿಯಿತು. ಮೊದಮೊದಲು ಅವಳು ಅಳುತ್ತಲೇ ಮನೆಗೆ ಬರುತ್ತಿದ್ದಳು. ಆಮೇಲೆ ಒಂದು ರಾತ್ರಿ ಬೆಚ್ಚದೆ ಬೆಳಗಿನವರೆಗೂ ಮಲಗಿದಳು. ಅತ್ತೆ ಅದನ್ನು ಕಂಡರು. ಹಾಗಾಗಿ ಮುಂದೊಂದು ದಿನ ಅವಳು "ಇನ್ನು ಸಾಕು" ಎಂದು ಕೂತಾಗ, ಅತ್ತೆಯೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು: "ಏಳೇ! ಅರ್ಧ ಒಗೆದ ಬಟ್ಟೇನ ಯಾರಾದ್ರೂ ಒಣಗೋಕೆ ಹಾಕ್ತಾರಾ?"

ಕೊನೆಗೆ ಅತ್ತೆ ಸೊಸೆ ಇಬ್ಬರೂ ಲಾಂಡ್ರಿಯ ಬಾಗಿಲಿಗೇ ಹೋದರು. ಮಾಲೀಕ ನಕ್ಕ: "ಏನಮ್ಮ, ಭಯ ಹೋಯ್ತಾ?"

"ಇನ್ನೂ ಸ್ವಲ್ಪ ಇದೆ. ಅದನ್ನ ನಾನು ನೋಡ್ಕೋತೀನಿ. ನೀವು ಹೊಸ ಬಾಯ್ಲರ್ ಪರೀಕ್ಷೆ ಮಾಡಿಸಿ. ಅಲ್ಲೀವರೆಗೆ ಒಳಗೆ ಬರಲ್ಲ."

"ನಮ್ಮ ಸೊಸೆ ಹೇಳಿದ್ದು ಕೇಳಿಸ್ತಾ?" ಎಂದರು ಅತ್ತೆ. ಮಾಲೀಕನ ನಗು ನಿಂತಿತು. ಆ ವಾರವೇ ಪರೀಕ್ಷೆಯಾಯಿತು. ಅವಳೀಗ ಮತ್ತೆ ಇಸ್ತ್ರಿ ಮಾಡುತ್ತಿದ್ದಾಳೆ. ಸದ್ದಿಗೆ ಒಮ್ಮೊಮ್ಮೆ ಬೆಚ್ಚುತ್ತಾಳೆ, ಆದರೆ ಓಡುವುದಿಲ್ಲ.

ಅಪಘಾತ, ಹೊಡೆತ, ಬೆಂಕಿ, ಅತ್ಯಾಚಾರ, ಯಾವುದೇ ಇರಲಿ: ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬೆಚ್ಚಿಬೀಳುತ್ತಿದ್ದರೆ "ಮರೆತುಬಿಡು" ಅನ್ನಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಆ ನರಳುವವರು ನೀವೇ ಆಗಿದ್ದರೆ, ಯಾರ ಅಪ್ಪಣೆಗೂ ಕಾಯಬೇಡಿ. ಇವತ್ತೇ ಹೊರಡಿ!