ಜೋಲಿ ತೂಗಿದ್ದು ತಿಳಿಯಲಿ ಅಂತ

ಮಗಳು ಪುಟ್ಟಿಯನ್ನು ಕಲ್ಯಾಣದುರ್ಗದ ತವರಿನಲ್ಲಿ ಅಮ್ಮನ ಮಡಿಲಿಗೆ ಹಾಕಿ ಹಿಂದೂಪುರದ ಕೆಲಸಕ್ಕೆ ಮರಳಿದ ಮೇಲೆ ಮೌನಿಕಾಳಿಗೆ ಮಧ್ಯಾಹ್ನಗಳೇ ಕಳೆಯುತ್ತಿರಲಿಲ್ಲ. ಗಂಡ ಹರಿಕೃಷ್ಣನಿಗೆ ಮಿಲ್ಲಿನಲ್ಲಿ ಪಾಳಿ ಕೆಲಸ. ಇವಳು ಸಣ್ಣಪುಟ್ಟ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕಂಪನಿಯೊಂದರಲ್ಲಿದ್ದಳು. ಇಬ್ಬರೂ ಹೊರಟರೆ ಬಾಡಿಗೆ ಕೋಣೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಲ್ಲ. ಭಾನುವಾರ ಬಸ್ಸು ಹತ್ತಿ ಹೋಗಿ ಎತ್ತಿ ಆಡಿಸಿ ಬರುವುದಷ್ಟೇ ಉಳಿದಿತ್ತು. ಫೋನಿನಲ್ಲಾದರೂ ನೋಡೋಣವೆಂದರೆ, ತಾಯಿಯ ಮುಖ ಕಂಡೊಡನೆ ಪುಟ್ಟಿ ಅತ್ತು ಕರೆದು ಹಾಲನ್ನೂ ಮುಟ್ಟುತ್ತಿರಲಿಲ್ಲ. ಹಗಲು ಹೊತ್ತು ಫೋನೇ ಮಾಡಬೇಡ ಎಂದು ಅಮ್ಮ ನರಸಕ್ಕ ಹೇಳಿಬಿಟ್ಟಳು.

ಕೂಸನ್ನು ಅಳಿಸದೆ, ಅದು ಮಲಗಿದ್ದನ್ನು ಇಲ್ಲಿಂದಲೇ ತಿಳಿಯುವುದು ಹೇಗೆ? ಯೋಚಿಸುತ್ತಾ ಯೋಚಿಸುತ್ತಾ ಮೌನಿಕಾಳ ಕಣ್ಣಿಗೆ ತವರಿನ ಸೀರೆಯ ಜೋಲಿ ಕಟ್ಟಿತು. ಜೋಲಿಯ ಅಡ್ಡಗೋಲಿಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಬಿಗಿದರೆ, ಅಲ್ಲಿ ಜೋಲಿ ತೂಗಿದಾಗ ಇಲ್ಲಿ ಆಫೀಸಿನ ತನ್ನ ಮೇಜಿನ ಮೇಲೆ ಒಂದು ಪುಟಾಣಿ ದೀಪ ಉರಿಯುವ ಹಾಗೆ ಮಾಡಬಹುದು.

ಬೋರ್ಡಿಗೆ ಅವಳು ಆರಿಸಿಕೊಂಡದ್ದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್, ಪುಟ್ಟ ಯಂತ್ರಗಳನ್ನು ತಕ್ಷಣಕ್ಕೆ ತಕ್ಷಣ ನಡೆಸುವಂಥದ್ದು. ಆದರೆ ಕೈಗೆ ಸಿಕ್ಕಿದ ಅಗ್ಗದ ಅಲುಗಾಟದ ಸೆನ್ಸರಿಗೆ ಅದರಲ್ಲಿ ಡ್ರೈವರ್ ಇರಲಿಲ್ಲ. ಡ್ರೈವರ್ ಇಲ್ಲದಿದ್ದರೆ ಸೆನ್ಸರ್ ಹೇಳುವುದು ಸಿಸ್ಟಮ್ಮಿಗೆ ಅರ್ಥವಾಗದು. ಅನ್ನಕ್ಕಿಟ್ಟು, ಬಟ್ಟೆ ನೆನೆಸಿ, ಆ ನಡುವಿನ ಹೊತ್ತಿನಲ್ಲೆಲ್ಲ ಕೂತು ಮೌನಿಕಾ ತಾನೇ ಒಂದನ್ನು ಬರೆದಳು. ರಸ್ತೆಯಲ್ಲಿ ಲಾರಿ ಹೋದರೆ ಸೆನ್ಸರ್ ಇಟ್ಟಿದ್ದ ಕೋಣೆಯ ಮೇಜು ನಡುಗಿ ದೀಪ ಸುಮ್ಮಸುಮ್ಮನೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ, ಜೋರಾದ ಅಲುಗಾಟಕ್ಕೆ ಮಾತ್ರ ಸೆನ್ಸರ್ ಎಚ್ಚರವಾಗುವಂತೆ ಡ್ರೈವರಿನೊಳಗೇ ಮಿತಿ ಕಟ್ಟಿದಳು. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ದೀಪ ಚೆನ್ನಾಗಿ ಉರಿಯಿತು. ತನ್ನಂಥ ಯಾರಿಗಾದರೂ ಬೇಕಾದೀತೆಂದು ಬರೆದದ್ದನ್ನು ಸಿಸ್ಟಮ್ ನೋಡಿಕೊಳ್ಳುವವರಿಗೂ ಕಳಿಸಿದಳು.

ಮುಂದಿನ ಭಾನುವಾರ ಜೋಲಿಗೆ ಬೋರ್ಡು ಕಟ್ಟಿ ಬಂದಳು. ವಾರವಿಡೀ ದೀಪ ಕಣ್ಣು ಬಿಡಲಿಲ್ಲ. ದಿನಾ ತೂಗುತ್ತಿದ್ದೇನೆಂದು ನರಸಕ್ಕ ಆಣೆ ಮಾಡಿದಳು. ಅಷ್ಟರಲ್ಲಿ ಎಲ್ಲೋ ದೂರದೇಶದಿಂದ, ಅವಳು ಕಳಿಸಿದ್ದನ್ನು ಓದಿದ ಪರಿಶೀಲಕರೊಬ್ಬರ ಉತ್ತರ ಬಂತು: ಇಷ್ಟು ದೊಡ್ಡ ಮಿತಿಯನ್ನು ಡ್ರೈವರಿನೊಳಗೆ ಏಕೆ ಹೂತಿಟ್ಟಿದ್ದೀರಿ, ಬಳಸುವವರೇ ಗೊತ್ತುಮಾಡಿಕೊಳ್ಳಲಿ, ಬಿಡಿ. ಮೌನಿಕಾಳಿಗೆ ತನ್ನ ತಪ್ಪು ಆಗ ಕಂಡಿತು. ಲಾರಿಗೆ ಹೆದರಿ ಅವಳು ಜೋಲಿಯ ಮೆಲ್ಲನೆಯ ತೂಗಾಟವನ್ನೇ ಹೊರಗಿಟ್ಟಿದ್ದಳು.

ಮತ್ತೆ ಊರಿಗೆ ಹೋದಾಗ ಅಮ್ಮನಿಗೆ, ಅಳತೆ ತೆಗೆಯಬೇಕು, ಒಂದಿಷ್ಟು ಹೊತ್ತು ಜೋಲಿ ತೂಗಮ್ಮ ಎಂದಳು. ಪುಟ್ಟಿ ಪಕ್ಕದ ಮನೆಯ ನಾಗಕ್ಕನ ಸೊಂಟದ ಮೇಲಿತ್ತು. ನರಸಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬರೀ ಜೋಲಿ ತೂಗಬಾರ್ದು ಕಣಮ್ಮ. ಕೂಸಿಗೆ ಒಳ್ಳೇದಾಗಾಕಿಲ್ಲ. ನಿನ್ನ ಮಿಷಿನ್ನು ಕೆಟ್ಟೋದ್ರೆ ಕೆಟ್ಟೋಗ್ಲಿ."

ಬರೀ ಜೋಲಿ ತೂಗಲು ಮೌನಿಕಾಳ ಕೈಗೂ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನರಸಕ್ಕನೇ ಒಳಗಿನಿಂದ ರುಬ್ಬುವ ಗುಂಡುಕಲ್ಲು ಹೊತ್ತು ತಂದಳು.

"ಸರ್ಲೇ, ಬಿಡು, ಹೆಸರಿಡೋ ದಿನ ಮೊದ್ಲು ಇದನ್ನೇ ಮಲಗಿಸ್ಲಿಲ್ವಾ? ಇವತ್ತೂ ಇದೇ ಮಲಗ್ಲಿ."

ಕಲ್ಲನ್ನು ಜೋಲಿಯಲ್ಲಿಟ್ಟು, ಅದಕ್ಕೆ ಪುಟ್ಟಿಯ ಟೋಪಿಯನ್ನೂ ಹಾಕಿ ತೂಗತೊಡಗಿದಳು. ನಾಗಕ್ಕ ಬಗ್ಗಿ ನೋಡಿ, "ಇದು ಅಪ್ಪನ್ನೇ ಹೋಲ್ತದೆ, ಅತ್ತೂ ಕರ್ದೂ ಮಾಡಾಕಿಲ್ಲ" ಅಂದಳು. ಜೊತೆಗೆ ಬಂದಿದ್ದ ಹರಿಕೃಷ್ಣನೂ ನಕ್ಕ. ಮೌನಿಕಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತೂಗಾಟದ ಏರಿಳಿತವನ್ನೆಲ್ಲ ಹಿಡಿದುಕೊಂಡಳು.

ತಿದ್ದಿದ ಡ್ರೈವರ್ ಆ ವಾರವೇ ಸಿಸ್ಟಮ್ಮಿಗೆ ಸೇರಿತು. ಆಫೀಸಿನ ಆನಂದಕುಮಾರ್ ಎಲ್ಲರನ್ನೂ ಕರೆದು ತೋರಿಸಿದರು. ಮೌನಿಕಾ ಕಾಯುತ್ತಿದ್ದದ್ದು ಬೇರೆಯದಕ್ಕೆ. ಬುತ್ತಿ ಮುಗಿಸಿ ಕೂತಾಗ ದೀಪ ಹೊತ್ತಿತು. ಬೆಳಕು ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಹೋಯಿತು. ಅಮ್ಮನ ಕೈಯ ಓಟ ಅವಳಿಗೆ ಗೊತ್ತಿತ್ತು; ಅದೇ ಓಟ. ಪುಟ್ಟಿಗೆ ಈಗ ರೆಪ್ಪೆ ಎಳೆಯುತ್ತಿದೆ, ಈಗ ಮುಷ್ಟಿ ಸಡಿಲವಾಯಿತು ಎಂದು ಅವಳು ಮನಸ್ಸಿನಲ್ಲೇ ನೋಡುತ್ತ ಕೂತಳು. ದೀಪ ನಿಂತಾಗ ತಾನೂ ಉಸಿರು ಬಿಟ್ಟಳು. ಹಾಲು ಜಿನುಗಿ ಎದೆಯ ಮೇಲಿನ ಸೆರಗು ಒದ್ದೆಯಾಗಿತ್ತು.

ಕೆಲವೇ ದಿನ ಹೀಗೆ ನಡೆಯಿತು. ಒಂದು ಸಂಜೆ ನರಸಕ್ಕ ಫೋನ್ ಮಾಡಿದಳು. ಪುಟ್ಟಿ ಜೋಲಿಯಲ್ಲಿ ಎದ್ದು ನಿಲ್ಲುತ್ತಿದೆಯಂತೆ, ಇನ್ನು ಚಾಪೆಯೇ ಗತಿಯಂತೆ, ನಾಳೆ ಸೀರೆ ಬಿಚ್ಚಿ ಒಗೆಯಲು ಹಾಕುತ್ತಾಳಂತೆ.

"ಭಾನುವಾರದವರ್ಗೂ ಇರ್ಲಮ್ಮ," ಎಂದಳು ಮೌನಿಕಾ.

ಭಾನುವಾರ ಅವಳು ಮೊದಲು ಬೋರ್ಡನ್ನು ಬಿಚ್ಚಿ ಗೂಡಿನಲ್ಲಿಟ್ಟಳು. ಪುಟ್ಟಿಯನ್ನು ಮಲಗಿಸಿದರೆ ಅದು ಸೀರೆಯ ಅಂಚು ಹಿಡಿದು ಎದ್ದು, ಅಜ್ಜಿಯತ್ತ ಎರಡೂ ಕೈ ಚಾಚಿತು. ನರಸಕ್ಕ ಎತ್ತಿಕೊಳ್ಳಲು ಬಂದವಳು ಮಗಳ ಮುಖ ನೋಡಿ ಬಾಗಿಲ ಮರೆಗೆ ಸರಿದಳು. ಮೌನಿಕಾ ಮತ್ತೆ ಮಲಗಿಸಿದಳು, ಅದು ಮತ್ತೆ ಎದ್ದಿತು. ಹೀಗೆ ಬಹಳ ಹೊತ್ತು. ಅತ್ತು ದಣಿದು ಕೊನೆಗೆ ಪುಟ್ಟಿ ತಾನಾಗಿ ಒರಗಿತು. ತೂಗುತ್ತಿದ್ದವಳ ಮುಖವನ್ನೇ ನೋಡುತ್ತ ನೋಡುತ್ತ ಕಣ್ಣು ಮುಚ್ಚಿತು.

ಹರಿಕೃಷ್ಣ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದ. ನರಸಕ್ಕ ಬಂದು ಮೆಲ್ಲಗೆ ಹೇಳಿದಳು:

"ಬಸ್ಸಿಗೆ ಹೊತ್ತಾಯ್ತು ಕಣಮ್ಮ."

"ನಿದ್ದೆ ಗಟ್ಟಿಯಾಗ್ಲಿ ತಾಳಮ್ಮ. ಬತ್ತೀನಿ."

ನಿದ್ದೆ ಆಗಲೇ ಗಟ್ಟಿಯಾಗಿತ್ತು. ನರಸಕ್ಕ ಅದನ್ನು ನೋಡಿದಳು, ಅಳಿಯನಿಗೆ ಇನ್ನೊಂದು ಲೋಟ ಕಾಫಿ ಬೆರೆಸಲು ಒಳಗೆ ಹೋದಳು.